ಕಪ್ಪು ಬಣ್ಣ ಹೇಳುವ ಚಾಡಿ

ಕಪ್ಪು ಕಾರು ತಗೊಳ್ಳಬೇಡಿ ಎನ್ನುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಒಂದು, ಬೇಸಿಗೆಯಲ್ಲಿ ಒಳಗೆ ಕೂರುವುದಕ್ಕಾಗುವುದಿಲ್ಲ. ಇನ್ನೊಂದು, ಅದು ಶನಿಯ ಬಣ್ಣ. ಮೂರನೆಯದೊಂದಿದೆ. ಅದನ್ನು ಯಾರೂ ಮುಂಚೆ ಹೇಳುವುದಿಲ್ಲ, ಕೊಂಡವರಿಗೆ ತಾನಾಗಿ ತಿಳಿಯುತ್ತದೆ. ಕಪ್ಪು ಬಣ್ಣ ಚಾಡಿ ಹೇಳುತ್ತದೆ. ಬಿಳಿ ಕಾರು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುವ ಸಂಗತಿಗಳನ್ನು ಅದು ಬಿಸಿಲಿಗೆ ಬಂದ ಕೂಡಲೇ ಬೀದಿಗೆಲ್ಲ ಸಾರುತ್ತದೆ.

ಮೋಡದ ದಿನ, ಅಥವಾ ಆಗಷ್ಟೇ ಮಳೆಯಲ್ಲಿ ನೆನೆದು ನಿಂತಾಗ, ಕಪ್ಪು ಕಾರಿನಷ್ಟು ಚೆಂದದ್ದು ಬೇರೊಂದಿಲ್ಲ. ಹಳೇ ಬಾವಿಯ ನೀರಿನ ಹಾಗೆ ಆಳ ಕಾಣುತ್ತದೆ, ಮೇಲಿನ ಮರ, ತಂತಿ, ಕಾಗೆ ಎಲ್ಲ ಅದರೊಳಗೆ ಇಳಿದಿರುತ್ತವೆ. ಅದನ್ನೇ ಮಧ್ಯಾಹ್ನದ ಬಿಸಿಲಿಗೆ ತಂದು ನಿಲ್ಲಿಸಿ. ಬಾನೆಟ್ಟಿನಲ್ಲಿ ಸೂರ್ಯನ ಬಿಂಬ ಬಿದ್ದ ಜಾಗದ ಸುತ್ತ ಒಂದು ಜೇಡರ ಬಲೆ ಎದ್ದು ನಿಲ್ಲುತ್ತದೆ. ಕೂದಲಿಗಿಂತ ಸಣ್ಣ, ಬೆಳ್ಳಿ ಬಣ್ಣದ ಸಾವಿರಾರು ಗೀರುಗಳು, ಒಂದರ ಸುತ್ತ ಒಂದು. ಕಾರು ಪಾಲಿಶ್ ಮಾಡುವವರು ಇದನ್ನು ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇದಕ್ಕೆ ಬೇರೆ ಹೆಸರಿತ್ತು. ಅಲ್ಲಿ ಇದನ್ನು 'ಆ ಹುಡುಗನ ಕೆಲಸ' ಎನ್ನುತ್ತಿದ್ದರು.

ಆ ಹುಡುಗ ಎಂದರೆ ನಮ್ಮಲ್ಲಿ ಕಾರು ಒರೆಸುವವನು. ಯಾದಗಿರಿ ಕಡೆಯವನು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಬೆಳಗಿನ ಐದಕ್ಕೆ ಬಂದು ಎಂಟರೊಳಗೆ 26 ಕಾರು ಮುಗಿಸುತ್ತಾನೆ. ಆಮೇಲೆ ಇನ್ನೊಂದು ಕಡೆ ಕೆಲಸ. ಒಂದು ಕಾರಿಗೆ ತಿಂಗಳಿಗೆ 600 ರೂಪಾಯಿ. ಲೆಕ್ಕ ಹಾಕಿದರೆ ಒಂದೊಂದು ಕಾರಿಗೆ ಏಳು ನಿಮಿಷವೂ ಸಿಗುವುದಿಲ್ಲ. ಅಷ್ಟರಲ್ಲಿ ಗಾಜು, ಬಾಗಿಲು, ಡಿಕ್ಕಿ, ಚಕ್ರ ಎಲ್ಲ ಆಗಬೇಕು, ವೈಪರ್ ಎತ್ತಿ ನಿಲ್ಲಿಸಬೇಕು. ವೈಪರ್ ಎತ್ತಿ ನಿಂತಿದ್ದರೇ ಕಾರು ಒರೆಸಿದೆ ಎಂದು ಯಜಮಾನರಿಗೆ ನಂಬಿಕೆ.

ಮೂರನೇ ಮಹಡಿಯ ಯಜಮಾನರು ಹೊಸ ಕಪ್ಪು ಎಸ್‌ಯುವಿ ತಂದು ಆರು ತಿಂಗಳಾಗಿತ್ತು. ಬೇಸ್‌ಮೆಂಟಿಗೆ ಹೊಸ ಎಲ್‌ಇಡಿ ದೀಪ ಹಾಕಿಸಿದ ವಾರವೇ ಅವರ ಕಣ್ಣಿಗೆ ಬಲೆ ಬಿತ್ತು. ಅವತ್ತು ಸಂಜೆ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಹತ್ತು ಫೋಟೊ. ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲೇ ಪಂಚಾಯಿತಿ.

"ನೋಡ್ರೀ ಇವ್ರೇ, ಆರು ತಿಂಗಳ ಗಾಡಿ. ಸುತ್ತ ಸುತ್ತ ಉಜ್ಜಿ ಉಜ್ಜಿ ಏನ್ ಮಾಡಿಟ್ಟಿದಾನೆ ನೋಡಿ. ರೌಂಡ್ ರೌಂಡಾಗೇ ಕಾಣುತ್ತಲ್ಲ, ಇನ್ನೇನ್ ಸಾಕ್ಷಿ ಬೇಕು?"

ಹುಡುಗ ಕಂಬಕ್ಕೆ ಒರಗಿ ನಿಂತಿದ್ದ. "ಸರ, ನಾ ಗೋಲ್ ಒರಸಂಗಿಲ್ರಿ. ನಮ್ಮ ಮಾಮಾ ಹೇಳಿಕೊಟ್ಟಾನ, ಮ್ಯಾಲಿಂದ ಕೆಳಗ ಸೀದಾ ಒರಸು ಅಂತ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆ ಏಜೆನ್ಸಿಗೆ ಕೊಡೋಣ, ಅವರು ಯೂನಿಫಾರ್ಮ್ ಹಾಕಿಕೊಂಡು ಬರುತ್ತಾರೆ, ಆಪ್‌ನಲ್ಲಿ ಫೋಟೊ ಕಳಿಸುತ್ತಾರೆ ಎಂದು ಚರ್ಚೆ ಶುರುವಾಗಿತ್ತು. ಒಂದು ಮನೆಯ ತಿಂಗಳ ಸಂಪಾದನೆಯಲ್ಲಿ 15,600 ರೂಪಾಯಿ ಹೋಗುವ ಮಾತು ಹತ್ತು ನಿಮಿಷದಲ್ಲಿ ತೀರ್ಮಾನವಾಗುವುದರಲ್ಲಿತ್ತು.

ನನ್ನದೂ ಕಪ್ಪು ಕಾರೇ. ಹನ್ನೊಂದು ವರ್ಷದ ಹಳೆಯ ಸೆಡಾನ್. ಆ ಬಲೆಯ ಜೊತೆ ನಾನು ಬಹಳ ದಿನ ಕಳೆದಿದ್ದೇನೆ, ಅದರ ಸ್ವಭಾವ ಗೊತ್ತು. ಫೋನಿನ ಟಾರ್ಚ್ ಹಾಕಿ ಅವರ ಕಾರಿನ ಬಾಗಿಲಿನ ಹತ್ತಿರ ಹಿಡಿದೆ. ಟಾರ್ಚಿನ ಬಿಂಬದ ಸುತ್ತ ವೃತ್ತಗಳು ಮೂಡಿದವು. "ಈಗ ಇಲ್ಲೇ ನೋಡ್ತಾ ಇರಿ" ಎಂದು ಟಾರ್ಚನ್ನು ನಿಧಾನವಾಗಿ ಹಿಂದಿನ ಬಾಗಿಲಿನ ಕಡೆ ಸರಿಸಿದೆ. ವೃತ್ತಗಳೂ ಟಾರ್ಚಿನ ಜೊತೆ ನಡೆದುಕೊಂಡು ಬಂದವು. ಮೇಲೆತ್ತಿದರೆ ಮೇಲೆ, ಇಳಿಸಿದರೆ ಕೆಳಗೆ. ಕೈಯಿಂದ ಉಜ್ಜಿ ಬಿಡಿಸಿದ ವೃತ್ತವಾಗಿದ್ದರೆ ಇದ್ದಲ್ಲೇ ಇರಬೇಕಿತ್ತಲ್ಲ?

ವಿಷಯ ಇಷ್ಟೇ. ಬಣ್ಣದ ಮೇಲೆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಉದ್ದ, ಅಡ್ಡ, ಓರೆ. ಒಂದೊಂದು ಗೀರೂ ಒಂದು ಸಣ್ಣ ಕಾಲುವೆ. ಬೆಳಕು ಆ ಕಾಲುವೆಗೆ ಅಡ್ಡವಾಗಿ ಬಿದ್ದಾಗ ಮಾತ್ರ ಅದರ ಅಂಚು ಮಿನುಗಿ ನಮ್ಮ ಕಣ್ಣಿಗೆ ಬರುತ್ತದೆ. ಬೆಳಕಿನ ಕಡೆಗೇ ಮುಖ ಮಾಡಿ ಮಲಗಿದ ಗೀರು ಕಾಣುವುದಿಲ್ಲ. ಹಾಗಾಗಿ ದೀಪದ ಬಿಂಬದ ಸುತ್ತ ಬಳೆಯಂತೆ ಹೊಂದಿಕೊಳ್ಳುವ ಚೂರುಗಳಷ್ಟೇ ಬೆಳಗುತ್ತವೆ, ಉಳಿದವು ಕತ್ತಲಲ್ಲಿ ಉಳಿಯುತ್ತವೆ. ಆ ಚೂರುಗಳನ್ನು ಕೂಡಿಸಿ ವೃತ್ತ ಮಾಡುವುದು ನಮ್ಮ ಕಣ್ಣು. ಬೀದಿದೀಪದ ಹಿಂದೆ ಎಲೆ ಉದುರಿದ ಮರವೊಂದಿದ್ದರೆ ಅದರ ಕಡ್ಡಿಗಳು ದೀಪವನ್ನು ಸುತ್ತುವರಿದ ಗೂಡಿನಂತೆ ಕಾಣುವುದಿಲ್ಲವೇ, ಹಾಗೆ. ಮರ ಹಾಗೆ ಬೆಳೆದಿರುವುದಿಲ್ಲ. ಹುಡುಗ ಸೀದಾ ಒರೆಸಿದ್ದರೂ ಬಲೆ ದುಂಡಗೇ ಕಾಣುತ್ತಿತ್ತು.

ಯಜಮಾನರು ಟಾರ್ಚನ್ನು ತಾವೇ ಇಸಿದುಕೊಂಡು ಎರಡು ಸಲ ಆಡಿಸಿ ನೋಡಿದರು. ಬುದ್ಧಿವಂತರು. "ಸರಿ, ರೌಂಡು ಸುಳ್ಳು. ಗೀರು ನಿಜ ತಾನೇ? ಅದನ್ನ ಯಾರು ಹಾಕಿದ್ದು?" ಎಂದರು.

ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಬೆಂಗಳೂರಿನ ಧೂಳನ್ನು ನೋಡಬೇಕು. ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರಿಗೆಲ್ಲ ಅಲ್ಲಿನ ಫಲಕ ನೆನಪಿರುತ್ತದೆ. ಸುಮಾರು 300 ಕೋಟಿ ವರ್ಷದ ಹಳೆಯ ನೈಸ್ ಶಿಲೆ ಅದು. ಈ ಊರು ಕೂತಿರುವುದೇ ಆ ಜಾತಿಯ ಕಲ್ಲಿನ ಮೇಲೆ. ಅದು ಸವೆದು ಮಣ್ಣಾದಾಗಲೂ, ಕ್ರಷರ್‌ನಲ್ಲಿ ಪುಡಿಯಾಗಿ ಎಂ-ಸ್ಯಾಂಡ್ ಆದಾಗಲೂ, ಅದರಲ್ಲಿರುವ ಬೆಣಚುಕಲ್ಲಿನ ಕಣ ಮಾತ್ರ ಹಾಗೇ ಉಳಿಯುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲು 7. ಕಿಟಕಿ ಗಾಜು ಐದೂವರೆಯ ಆಸುಪಾಸು. ಕಾರಿನ ಮೇಲ್ಪದರ ಪ್ಲಾಸ್ಟಿಕ್ ಜಾತಿಯದು, ಗಾಜಿಗಿಂತ ಎಷ್ಟೋ ಮೆತ್ತಗೆ. ಮೆಟ್ರೊ ಕಾಮಗಾರಿಯ ಪಕ್ಕ ಅರ್ಧ ಗಂಟೆ ನಿಂತು ಬಂದ ಕಾರಿನ ಮೇಲೆ ಕೂತಿರುವುದು ಇದೇ ಪುಡಿ. ಅದರ ಮೇಲೆ ಒಣಬಟ್ಟೆ ಎಳೆದರೆ, ಬಟ್ಟೆ ರೇಷ್ಮೆಯದಾದರೂ, ಕೊರೆಯುವುದು ಕಲ್ಲು.

ಇನ್ನು ನೀರು. 2023ರ ಮಳೆಗಾಲ ಕೈಕೊಟ್ಟಿತ್ತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತು. ಕುಡಿಯಲು ಟ್ಯಾಂಕರ್ ಕಾಯುತ್ತಿದ್ದ ದಿನಗಳವು, ಸರಿಯಾದ ಆದೇಶವೇ. ನಮ್ಮಲ್ಲಿ ಪೈಪ್ ಸುತ್ತಿಟ್ಟರು, 26 ಕಾರಿಗೆ ದಿನಕ್ಕೆ ನಾಲ್ಕು ಬಕೆಟ್ ಎಂದು ಲೆಕ್ಕ ಮಾಡಿದರು. ಮಳೆ ಬಂತು, ಕೆರೆ ತುಂಬಿತು, ನಾಲ್ಕು ಬಕೆಟ್ಟಿನ ಲೆಕ್ಕ ಹಾಗೇ ಉಳಿಯಿತು. ದಿನಾ ಒರೆಸಬೇಕು ಎಂಬುದೂ ಹಾಗೇ ಉಳಿಯಿತು.

"ಒಂದ ಬಕೇಟಿನ್ಯಾಗ ಆರ ಏಳ ಗಾಡಿ ಆಗಬೇಕ್ರಿ ಸರ" ಎಂದ ಹುಡುಗ. "ಎರಡ ಗಾಡಿ ಆಗೂದ್ರಾಗ ನೀರ ಕೆಂಪಾಗ್ತದ. ಏನ್ ಮಾಡ್ಲಿ?"

ಮೊದಲ ಕಾರಿನ ಕಲ್ಲುಪುಡಿ ಏಳನೇ ಕಾರನ್ನು ಗೀರುತ್ತಿತ್ತು. ಆ ಏಳರಲ್ಲಿ ಐದು ಬಿಳಿ, ಒಂದು ಬೂದು. ಅವುಗಳ ಮೇಲೂ ಅಷ್ಟೇ ಗೀರು ಬಿದ್ದಿವೆ. ಕಾರಿನ ಬಣ್ಣ ಯಾವುದೇ ಇರಲಿ, ಸಾಮಾನ್ಯವಾಗಿ ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಒಂದು ಪಾರದರ್ಶಕ ಪದರ ಇರುತ್ತದೆ. ಗೀರು ಬೀಳುವುದು ಅದರ ಮೇಲೆ. ಬಿಳಿ ಬಣ್ಣ ಅಡಿಯಿಂದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುವುದರಿಂದ ಗೀರಿನ ಮಿನುಗು ಅದರಲ್ಲಿ ಕಲಸಿಹೋಗುತ್ತದೆ. ಕಪ್ಪು ಅಡಿಗೆ ಹೋದ ಬೆಳಕನ್ನು ನುಂಗಿಬಿಡುತ್ತದೆ, ಮೇಲ್ಮೈಯಲ್ಲಿ ಮಿನುಗಿದ್ದಷ್ಟೇ ಉಳಿಯುತ್ತದೆ. "ನಮ್ ಗಾಡಿಗೇನೂ ಆಗಿಲ್ಲಪ್ಪ" ಎಂದು ಬಿಳಿ ಕಾರಿನವರೊಬ್ಬರು ಹೇಳಿದ್ದು ಅದಕ್ಕೇ.

ತೀರ್ಮಾನ ಒಂದು ತಿಂಗಳು ಮುಂದಕ್ಕೆ ಹೋಯಿತು. ಈ ಗೀರು ಹೋಗುತ್ತದೆಯೇ, ಹೋಗಬೇಕಾದರೆ ಏನು ಖರ್ಚಾಗುತ್ತದೆ ಎಂಬುದನ್ನು ನನ್ನ ಕಾರಿನ ಮೇಲೇ ತೋರಿಸುತ್ತೇನೆ ಎಂದು ನಾನು ಒಪ್ಪಿಕೊಂಡೆ. ಹುಡುಗನಿಗೂ ಬರಲು ಹೇಳಿದೆ.

ಯಂತ್ರ ಹಿಡಿದು ಬಂದವರು ನಮ್ಮ ರಸ್ತೆಯ ಕೊನೆಗೆ ಶೆಡ್ ಹಾಕಿಕೊಂಡಿರುವ ಮೇಸ್ತ್ರಿ. ಆನೇಕಲ್ ಕಡೆಯವರು. ಕಾರಿಗೆ ಬರುವ ಮುಂಚೆ ಎಂಟು ವರ್ಷ ಜಿಗಣಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡಿದವರು. ಚಾಮರಾಜನಗರದ ಕರಿಕಲ್ಲನ್ನು ಕನ್ನಡಿ ಮಾಡಿ ಹಡಗು ಹತ್ತಿಸುವುದು ಅವರ ಕೆಲಸವಾಗಿತ್ತು. ಒರಟು ಕಲ್ಲಿನಿಂದ ಶುರುಮಾಡಿ, ನೀರು ಬಿಡುತ್ತಾ, ನಯ, ಇನ್ನೂ ನಯ ಎಂದು ಸಾಣೆ ಬದಲಿಸುತ್ತಾ ಹೋದರೆ ಕೊನೆಗೆ ಕಲ್ಲಿನಲ್ಲಿ ಮುಖ ಕಾಣುತ್ತದೆ. ಕಾರಿನದೂ ಅದೇ ವಿದ್ಯೆ. ವ್ಯತ್ಯಾಸ ಎಲ್ಲಿದೆ ಎಂಬುದನ್ನು ಅವರೇ ಹೇಳಿದರು.

"ಕಲ್ಲಾದ್ರೆ ಇಪ್ಪತ್ತು ಎಂಎಂ ಇರುತ್ತೆ ಸಾರ್, ಎಷ್ಟ್ ತಿಂದ್ರೂ ತಡ್ಕೊಳ್ಳುತ್ತೆ. ಇದು ಹಂಗಲ್ಲ. ಇಲ್ಲಿ ನಮಗೆ ಸಿಗೋದು ಈರುಳ್ಳಿ ಸಿಪ್ಪೆ."

ಅವರ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರ್ ಒಂದಿತ್ತು. ಕಬ್ಬಿಣದ ಮೈಮೇಲೆ ಒತ್ತಿ ಹಿಡಿದರೆ ಬಣ್ಣದ ಒಟ್ಟು ದಪ್ಪ ಎಷ್ಟು ಮೈಕ್ರಾನ್ ಎಂದು ತೋರಿಸುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಮೈಕ್ರಾನ್. ತಲೆಗೂದಲು ಸುಮಾರು 70. ನನ್ನ ಬಾನೆಟ್ಟಿನಲ್ಲಿ ಐದು ಜಾಗ ಅಳೆದು ಸರಾಸರಿ ತೆಗೆದರೆ 118 ಬಂತು. ತಗಡಿಗೆ ತುಕ್ಕು ಹಿಡಿಯದಂತೆ ಹಾಕಿದ ಪದರ, ಪ್ರೈಮರ್, ಕಪ್ಪು ಬಣ್ಣ, ಕ್ಲಿಯರ್ ಕೋಟ್ ನಾಲ್ಕೂ ಸೇರಿ ಅಷ್ಟು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಕೂದಲಿಗಿಂತ ತೆಳು. ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆದು ಬಣ್ಣವನ್ನು ಕಾಯುವುದೂ ಅದೇ. ಎಡಗಡೆ ಹಿಂದಿನ ಬಾಗಿಲು ಮಾತ್ರ 240 ತೋರಿಸಿತು. "ಈ ಬಾಗ್ಲು ಯಾವಾಗ್ಲೋ ರೀಪೇಂಟ್ ಆಗಿದೆ ಸಾರ್" ಎಂದರು. ನಾನು ಕೊಳ್ಳುವುದಕ್ಕೆ ಮುಂಚಿನ ಕಥೆ. ತುಟಿ ಬಿಚ್ಚದಿದ್ದ ಬಾಗಿಲು ಒಂದು ಸಣ್ಣ ಮೀಟರಿನ ಮುಂದೆ ಬಾಯಿ ಬಿಟ್ಟಿತ್ತು.

ಯಂತ್ರಕ್ಕೆ ಮುಂಚಿನ ಕೆಲಸವೇ ಅರ್ಧ ದಿನ. ಮೊದಲು ಮುಟ್ಟದೆ ನೀರು ಹರಿಸಿ ಧೂಳು ಇಳಿಸಿದರು. ಆಮೇಲೆ ಶಾಂಪೂ ನೊರೆ. ಒಣಗಿದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಲು ನನಗೆ ಹೇಳಿದರು. ಕಣ್ಣಿಗೆ ನುಣ್ಣಗೆ ಕಾಣುತ್ತಿದ್ದದ್ದು ಬೆರಳಿಗೆ ರವೆಯಂತೆ ಹತ್ತಿತು. ಬ್ರೇಕಿನಿಂದ ಹಾರುವ ಕಬ್ಬಿಣದ ಪುಡಿ, ಮರದ ಅಂಟು, ಸಿಮೆಂಟಿನ ಹನಿ, ಇವು ತೊಳೆದರೆ ಹೋಗುವುದಿಲ್ಲ. ಅವನ್ನು ಎತ್ತಲು ಕ್ಲೇ ಬಾರ್ ಎಂಬ, ಮಕ್ಕಳಾಡುವ ಬಣ್ಣದ ಜೇಡಿಯಂಥ ಉಂಡೆ ಇದೆ. ಸೋಪಿನ ನೀರು ಚಿಮುಕಿಸುತ್ತಾ ಅದನ್ನು ಜಾರಿಸಿದರೆ ಕಸ ಉಂಡೆಗೆ ಅಂಟಿಕೊಂಡು ಬರುತ್ತದೆ. ಅದೂ ಆದಮೇಲೆ ರಬ್ಬರ್, ಪ್ಲಾಸ್ಟಿಕ್, ಬಾನೆಟ್ಟಿನ ಚೂಪು ಅಂಚುಗಳಿಗೆಲ್ಲ ಟೇಪ್. ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ, ಯಂತ್ರ ಒಂದು ಕ್ಷಣ ಹೆಚ್ಚು ನಿಂತರೂ ಅಡಿಯ ಪ್ರೈಮರ್ ಕಾಣುತ್ತದೆ.

ಬಾನೆಟ್ಟಿನ ನಡುವೆಯೂ ಉದ್ದಕ್ಕೆ ಒಂದು ಟೇಪ್ ಎಳೆದರು. ಎಡಕ್ಕೆ ಕೆಲಸ, ಬಲಕ್ಕೆ ಇದ್ದ ಹಾಗೇ.

ಪಾಲಿಶ್ ಯಂತ್ರದಲ್ಲಿ ಎರಡು ಜಾತಿ. ರೋಟರಿ ಗಿರಣಿ ಕಲ್ಲಿನ ಹಾಗೆ ಒಂದೇ ಅಕ್ಷದ ಮೇಲೆ ಗಿರ್ರನೆ ಸುತ್ತುತ್ತದೆ. ಬೇಗ ಕೊರೆಯುತ್ತದೆ, ಬೇಗ ಬಿಸಿಯಾಗುತ್ತದೆ. ಕೈ ಪಳಗದವರು ಹಿಡಿದರೆ ಬಿಸಿಲಿನಲ್ಲಿ ಮೀನಿನ ಬೆನ್ನಿನಂತೆ ಹೊಳೆಯುವ ಪಟ್ಟೆಗಳನ್ನು ಬಿಟ್ಟು ಹೋಗುತ್ತದೆ. ಇನ್ನೊಂದು ಡ್ಯುಯಲ್ ಆಕ್ಷನ್. ಅದು ತನ್ನ ಸುತ್ತಲೂ ಸುತ್ತುತ್ತದೆ, ಜೊತೆಗೆ ಓಲಾಡುತ್ತದೆ. ಹಾಗಾಗಿ ಒಂದೇ ಜಾಡಿನಲ್ಲಿ ಎರಡನೇ ಸಲ ಹೋಗುವುದಿಲ್ಲ, ಬಿಸಿಯೂ ಹಂಚಿಹೋಗುತ್ತದೆ. ಮೇಸ್ತ್ರಿ ತಂದದ್ದು ಇದು.

ಸ್ಪಂಜಿನ ಪ್ಯಾಡಿನ ಮೇಲೆ ಬಟಾಣಿ ಕಾಳಿನಷ್ಟು ನಾಲ್ಕು ಬೊಟ್ಟು ಪಾಲಿಶ್. ಅದರಲ್ಲಿರುವುದು ಅಲ್ಯುಮಿನಿಯಂ ಆಕ್ಸೈಡಿನ ನುಣುಪಾದ ಪುಡಿ. ಮಾಣಿಕ್ಯ ಮತ್ತು ನೀಲ ಯಾವ ಖನಿಜದ ರೂಪಗಳೋ ಅದೇ ಖನಿಜ, ಬೆಣಚುಕಲ್ಲಿಗಿಂತಲೂ ಗಡಸು. ಇಂಗ್ಲಿಷಿನವರು ಕೊರಂಡಮ್ ಎನ್ನುತ್ತಾರೆ. ಆ ಹೆಸರು ತಮಿಳಿನ ಕುರುಂದಂ ಎಂಬ ಮಾತಿನಿಂದ ಹೋದದ್ದು. ಹುಡುಗ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದ. "ಅಲ್ರಿ ಅಣ್ಣಾರ, ಗೀರ ತಗಿಯಾಕ ಮತ್ತ ಪುಡಿನೇ ಹಚ್ಚತೀರಲ್ಲ?"

"ಹೂಂ ಕಣಪ್ಪ. ದೊಡ್ಡ ಗೀರನ್ನ ಚಿಕ್ಕ ಗೀರು ಮಾಡ್ತೀವಿ. ಆಮೇಲೆ ಅದನ್ನ ಇನ್ನೂ ಚಿಕ್ಕದು ಮಾಡ್ತೀವಿ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ್ರೆ ಅದಕ್ಕೇ ಹೊಳಪು ಅನ್ನೋದು."

ಮೊದಲು ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷೆ. ಅತ್ಯಂತ ಸೌಮ್ಯವಾದ ಪ್ಯಾಡು, ಅತ್ಯಂತ ಸೌಮ್ಯವಾದ ಪಾಲಿಶ್. ಅದು ಸಾಲದಿದ್ದರೆ ಮಾತ್ರ ಅದರ ಮೇಲಿನದು. ಯಂತ್ರವನ್ನು ಎತ್ತು ಹೂಡಿದವರ ಹಾಗೆ ನಿಧಾನವಾಗಿ ನಡೆಸುತ್ತಿದ್ದರು. ಒಂದು ಸಾಲಿನ ಅರ್ಧದ ಮೇಲೆ ಮುಂದಿನ ಸಾಲು, ಉದ್ದಕ್ಕೆ ಮುಗಿದ ಮೇಲೆ ಅಡ್ಡಕ್ಕೆ. ಎರಡು ಸುತ್ತು ಆದಮೇಲೆ ಒರೆಸಿದರೆ ಕನ್ನಡಿ. ನಾನು ಆಹಾ ಎನ್ನುವುದರೊಳಗೆ ಮೇಸ್ತ್ರಿ ಸ್ಪಿರಿಟ್ಟಿಗೆ ನೀರು ಬೆರೆಸಿದ ಬಾಟಲಿ ತೆಗೆದು ಆ ಜಾಗಕ್ಕೆ ಚಿಮುಕಿಸಿ ಮತ್ತೊಮ್ಮೆ ಒರೆಸಿದರು. ಮೂರರಲ್ಲೊಂದು ಪಾಲು ಗೀರು ವಾಪಸ್ ಬಂತು. ಪಾಲಿಶಿನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಕಣ್ಣಿಗೆ ಮಣ್ಣೆರಚಿತ್ತು. ಮಳೆಯಲ್ಲಿ ನೆನೆದ ಕಪ್ಪು ಕಾರು ಚೆಂದ ಕಾಣುವುದೂ ಇದೇ ಗುಟ್ಟಿನಿಂದ. ಕಡಿಮೆ ದುಡ್ಡಿಗೆ ಮಿಂಚಿಸಿ ಕೊಡುವ ಎಷ್ಟೋ ಪಾಲಿಶ್‌ಗಳು ಈ ತುಂಬುವ ಕೆಲಸ ಮಾತ್ರ ಮಾಡುತ್ತವೆ, ನಾಲ್ಕು ಸಲ ತೊಳೆದರೆ ಬಲೆ ಹಾಜರು.

"ಇವಾಗ ಕಾಣ್ತಾ ಇರೋದು ನಿಜ. ಇದಕ್ಕೆ ಎಷ್ಟು ಬೇಕೋ ಅಷ್ಟೇ ಮಾಡೋದು" ಎಂದು ಒಂದು ದರ್ಜೆ ಮೇಲಿನ ಪ್ಯಾಡ್ ಹಾಕಿದರು.

ಸಂಜೆ ಹೊತ್ತಿಗೆ ಎಡ ಅರ್ಧ ಮುಗಿದು, ನಡುವಿನ ಟೇಪ್ ಕಿತ್ತರು. ಎಡಕ್ಕೆ ಬಾವಿ, ಬಲಕ್ಕೆ ಬಲೆ. ಗೆರೆ ಎಳೆದಂತೆ. ನೋಡಲು ಬಂದಿದ್ದ ನಾಲ್ಕೈದು ಮಂದಿ ಮಾತಾಡಲಿಲ್ಲ. ಮೇಸ್ತ್ರಿ ಮಾತ್ರ ಮೀಟರ್ ತೆಗೆದು ಅದೇ ಐದು ಜಾಗ ಮತ್ತೆ ಅಳೆದರು. 115.

ಆ ಮೂರು ಮೈಕ್ರಾನ್ ಎಲ್ಲಿ ಹೋಯಿತು ಎಂಬುದೇ ಈ ಕೆಲಸದ ತಿರುಳು. ಗೀರು ಅಳಿಸಿಹೋಯಿತು ಎಂದು ನಾವು ಹೇಳುತ್ತೇವೆ. ಗೀರನ್ನು ಅಳಿಸುವುದಕ್ಕೆ ಬರುವುದಿಲ್ಲ, ಅದು ಹಳ್ಳ. ಹಳ್ಳವನ್ನು ತುಂಬಲೂ ಇಲ್ಲ. ಸುತ್ತಲಿನ ನೆಲವನ್ನೆಲ್ಲ ಹಳ್ಳದ ತಳದವರೆಗೆ ಕೆರೆದು ಇಳಿಸಿದ್ದೇವೆ, ಅಷ್ಟೆ. ಕೆಟ್ಟ ಜಾಗ ಒಳ್ಳೆಯದಾಗಿಲ್ಲ, ಒಳ್ಳೆಯ ಜಾಗವೆಲ್ಲ ಅದರ ಮಟ್ಟಕ್ಕೆ ಬಂದಿದೆ. ಎಲ್ಲ ಒಂದೇ ಮಟ್ಟದಲ್ಲಿರುವುದರಿಂದ ಕಣ್ಣಿಗೆ ಹೊಳಪು. ಹೊಳಪಿನ ಡಬ್ಬಿಯಿಂದ ಕಾರಿಗೆ ಏನೂ ಬಂದಿಲ್ಲ. ಕಾರಿನಿಂದಲೇ ಪ್ಯಾಡಿಗೆ ಹೋಗಿದೆ. ಕೈಗೆ ಹತ್ತಿದ್ದ ಆ ಬೂದು ಪೇಸ್ಟಿನಲ್ಲಿ ನನ್ನ ಕಾರಿನ ಮೈಯೂ ಇತ್ತು.

ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬುದು ಮುಖ್ಯ. ಪೆಟ್ರೋಲ್ ಮುಚ್ಚಳದ ಹತ್ತಿರ ಉಗುರು ಆಡಿಸಿದರೆ ತಡೆಯುವಂಥ ಒಂದು ಗೀರಿತ್ತು. ಉಗುರಿಗೆ ಸಿಕ್ಕಿದ ಗೀರನ್ನು ಪಾಲಿಶ್‌ನಲ್ಲಿ ತೆಗೆಯಲು ಹೋಗಬಾರದು ಎನ್ನುವುದು ಅವರ ನಿಯಮ. ಅದರ ಅಂಚನ್ನು ಸ್ವಲ್ಪ ಮೆದು ಮಾಡಿ ಬಿಟ್ಟರು. ಡಿಕ್ಕಿಯ ಮೇಲೆ ದೀಪ ಹಿಡಿದಾಗ ದೊಡ್ಡದೊಂದು 'ಕ' ಅಕ್ಷರ ಕಂಡಿತು. ಯಾವತ್ತೋ ಧೂಳಿನ ಮೇಲೆ ಯಾವುದೋ ಮಗು ಬೆರಳಿನಲ್ಲಿ ಬರೆದದ್ದು. ಧೂಳು ಅವತ್ತೇ ಹೋಗಿದೆ, ಬೆರಳಿನಡಿಯ ಕಲ್ಲು ಬರೆದದ್ದು ಉಳಿದಿದೆ. ಅದೂ ಹೋಗುವಷ್ಟು ಹೋಯಿತು, ತಲೆಕಟ್ಟು ಉಳಿಯಿತು. ಛಾವಣಿ 96 ತೋರಿಸಿದ್ದರಿಂದ ಅದಕ್ಕೆ ಸೌಮ್ಯ ಪ್ಯಾಡಿಗಿಂತ ಹೆಚ್ಚಿನದನ್ನು ಮುಟ್ಟಿಸಲೇ ಇಲ್ಲ. "ಛಾವಣಿ ಯಾರ್ ನೋಡ್ತಾರೆ ಸಾರ್? ಬಿಸಿಲು ತಿನ್ನೋದು ಅದೇ. ಅದಕ್ಕೆ ಚರ್ಮ ಇರ್ಲಿ."

ಎರಡನೇ ಭಾನುವಾರ ಇಡೀ ಕಾರು ಮುಗಿದು ಹೊರಗೆ ಬಿಸಿಲಿಗೆ ತಂದು ನಿಲ್ಲಿಸಿದೆವು. ಬಾನೆಟ್ಟಿನಲ್ಲಿ ಸೂರ್ಯ ಒಂದು ಚುಕ್ಕಿಯಾಗಿ ಬಿದ್ದಿದ್ದ, ಸುತ್ತ ಏನೂ ಇಲ್ಲ. ಎಲ್ಲರಿಗೂ ಸಂತೋಷ. ಹುಡುಗ ಮಾತ್ರ ಎರಡು ಹೆಜ್ಜೆ ದೂರ ನಿಂತಿದ್ದ.

"ಹ್ಯಾಂಗದ?" ಎಂದೆ, ಅವನ ಮಾತಿನಲ್ಲೇ.

"ಭಾಳ ಚಂದ ಆಗ್ಯದ್ರಿ ಸರ. ಆದ್ರ ನಾಳಿ ಇದನ್ನ ನಾ ಹ್ಯಾಂಗ ಒರಸ್ಲಿ? ಕೈ ಹಚ್ಚಾಕ ಅಂಜಿಕಿ ಬರ್ತದ್ರಿ."

ಎರಡು ದಿನ ಯಂತ್ರ ತಿರುಗಿಸಿದ ಮೇಲೆ ಉಳಿಯುವ ಪ್ರಶ್ನೆ ಅದೊಂದೇ. ನಾಲ್ಕು ಬಕೆಟ್ಟು, ಏಳು ನಿಮಿಷ, ಒಂದು ಬಟ್ಟೆ ಹಾಗೇ ಇದ್ದರೆ ಬಲೆ ಮೂರು ತಿಂಗಳಲ್ಲಿ ಮತ್ತೆ ನೇಯ್ದುಕೊಳ್ಳುತ್ತದೆ. ಆಗ ಮತ್ತೆ ಮೂರು ಮೈಕ್ರಾನ್. ಒರೆಸುವವನನ್ನು ಬದಲಿಸಿದರೆ, ಯೂನಿಫಾರ್ಮ್ ಹಾಕಿಕೊಂಡ ಇನ್ನೊಬ್ಬ ಹುಡುಗ ಅದೇ ಬಕೆಟ್ಟಿನಲ್ಲಿ ಅದೇ ಬಲೆ ನೇಯುತ್ತಾನೆ.

ಮುಂದಿನ ಸಭೆಗೆ ನಾನು ಲೆಕ್ಕ ಬರೆದುಕೊಂಡು ಹೋದೆ. ದಿನಾ 26 ಕಾರಿನ ಬದಲು ಒಂದು ದಿನ 13, ಮರುದಿನ ಉಳಿದ 13. ಅದೇ ಮೂರು ಗಂಟೆಯಲ್ಲಿ ಒಂದೊಂದಕ್ಕೆ ಹದಿಮೂರು ನಿಮಿಷಕ್ಕಿಂತ ಜಾಸ್ತಿ ಸಿಗುತ್ತದೆ. ಮೊದಲು ಎಸ್‌ಟಿಪಿಯ ಸಂಸ್ಕರಿಸಿದ ನೀರನ್ನು ಸುರಿದು ಧೂಳು ಇಳಿಸುವುದು. ಅದು ಒಣಗಿದರೆ ಉಪ್ಪಿನ ಬಿಳಿ ಕಲೆ ಉಳಿಯುವುದರಿಂದ, ಒರೆಸುವುದಕ್ಕೆ ಮಳೆನೀರಿನ ತೊಟ್ಟಿಯ ನೀರು. ಬಕೆಟ್ ಎರಡು, ಬಟ್ಟೆ ಹಿಂಡಿ ಕಲ್ಲು ಬಿಡಲು ಒಂದು, ಸೋಪಿನ ನೀರಿಗೆ ಒಂದು. ಮೈಗೆ ಒಂದು ಮೈಕ್ರೋಫೈಬರ್, ಚಕ್ರಕ್ಕೆ ಬೇರೆ. ಒಣ ಕಾರಿನ ಮೇಲೆ ಬಟ್ಟೆ ಎಳೆಯುವುದು ಯಾವ ಕಾರಣಕ್ಕೂ ಇಲ್ಲ. ಸಂಬಳ ಅಷ್ಟೇ, 600.

"ಅರ್ಧ ಕೆಲ್ಸಕ್ಕೆ ಪೂರ್ತಿ ದುಡ್ಡಾ?" ಎಂದು ಬಿಳಿ ಕಾರಿನವರು. "ದಿನಾ ಒರೆಸದೇ ಇದ್ರೆ ಧೂಳು ಕಾಣುತ್ತಲ್ರೀ, ಆಫೀಸಿಗೆ ಹೆಂಗ್ ಹೋಗೋದು?" ಎಂದು ಇನ್ನೊಬ್ಬರು. ಧೂಳು ಇದ್ದಷ್ಟು ಹೊತ್ತು ಗೀರುವುದಿಲ್ಲ, ಒರೆಸಿದಾಗ ಗೀರುತ್ತದೆ ಎಂದು ಹೇಳಿ ಒಪ್ಪಿಸುವುದು ಸುಲಭವಲ್ಲ. ದಿನಾ ಒರೆಸುವುದು ನಮಗೆ ಕಾರಿನ ಆರೈಕೆಯಲ್ಲ, ದೀಪ ಹಚ್ಚಿದ ಹಾಗೆ ಒಂದು ನೇಮ. ಎರಡು ಗಂಟೆ ಎಳೆದಾಡಿ 17 ಮನೆಯವರು ಒಪ್ಪಿದರು. ಆರು ಮಂದಿ ನಮಗೆ ದಿನಾ ಒರೆಸಿದರೇ ಸರಿ ಎಂದರು. ಮೂರು ಮನೆಯವರು ಬೇರೆ ಏಜೆನ್ಸಿಗೆ ಹೋದರು. ಹುಡುಗನಿಗೆ ತಿಂಗಳಿಗೆ 1,800 ರೂಪಾಯಿ ಕಡಿಮೆಯಾಯಿತು, ಅದು ಇನ್ನೂ ತುಂಬಿಲ್ಲ. ಎಸ್‌ಯುವಿ ಯಜಮಾನರು ಹದಿನೇಳರಲ್ಲಿ ಒಬ್ಬರು. "ಮೂರು ತಿಂಗಳು ನೋಡ್ತೀನಿ" ಎಂದಿದ್ದರು. ಈಗ ಐದಾಯಿತು, ಏನೂ ಹೇಳಿಲ್ಲ. ಆದರೆ ಮೊನ್ನೆ ಅವರ ಮೊಮ್ಮಗ ಧೂಳು ಹಿಡಿದ ಬಾಗಿಲಿನ ಮೇಲೆ ಬೆರಳಿಡಲು ಹೋದಾಗ ಅವರು ಲಿಫ್ಟಿನ ಬಾಗಿಲಿನಿಂದಲೇ ಕೂಗಿದ್ದನ್ನು ಇಡೀ ಬೇಸ್‌ಮೆಂಟ್ ಕೇಳಿಸಿಕೊಂಡಿದೆ.

ನನ್ನ ಕಾರಿನ ಮೇಲೆ ಅಲ್ಲೊಂದು ಇಲ್ಲೊಂದು ಹೊಸ ಎಳೆ ಕಾಣಲು ಶುರುವಾಗಿದೆ. ಸಂಜೆಯ ಓರೆ ಬಿಸಿಲಿಗೆ ಕಾಣುತ್ತದೆ, ಆಮೇಲೆ ಇಲ್ಲ. ಮತ್ತೊಮ್ಮೆ ಮಾಡಿಸೋಣವೇ ಎಂದು ಮೇಸ್ತ್ರಿಯನ್ನು ಕೇಳಿದೆ. ಅವರಿಗೆ ಅದು ವ್ಯಾಪಾರ, ಆದರೂ ಬೇಡ ಎಂದರು. ಇಂಥದ್ದನ್ನು ಒಂದು ಕಾರಿನ ಆಯಸ್ಸಿನಲ್ಲಿ ಎಷ್ಟು ಸಲ ಮಾಡಬಹುದು ಎಂದರೆ ಬೆರಳು ಎಣಿಸಿ ಮೂರಕ್ಕೆ ನಿಲ್ಲಿಸಿದರು.

ಕಾರಿನ ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಅಳತೆಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಬಾನೆಟ್ 118, 115. ಛಾವಣಿ 96, ಮುಟ್ಟಿಲ್ಲ. ಎಡ ಹಿಂಬಾಗಿಲು 240, ಹಿಂದೆಯೇ ಬಣ್ಣ ಹೊಡೆದದ್ದು. ಬ್ಯಾಂಕಿನ ಪಾಸ್‌ಬುಕ್ಕಿನಂತೆಯೇ ಇದೆ, ಜಮಾ ಕಡೆಯ ಕಾಲಂ ಮಾತ್ರ ಇಲ್ಲ. ನಾಳೆ ಈ ಕಾರನ್ನು ಕೊಳ್ಳುವವರು ಯಾರೇ ಇರಲಿ, ಬಿಸಿಲಿಗೆ ನಿಲ್ಲಿಸಿ ನೋಡುತ್ತಾರೆ. ಜೊತೆಗೆ ಈ ಪುಟವನ್ನೂ ನೋಡಲಿ.